ಕೀಮೋ ಬೇಕಾ, ಬೇಡವಾ: ಒಂದು ಸ್ಕೋರ್‌ಗಾಗಿ ಕಾದ ಏಳೂವರೆ ವಾರ

ಕಳೆದ ಗುರುವಾರ ನನ್ನ ಹದಿನೈದನೇ ರೇಡಿಯೇಷನ್ ಮುಗಿಯಿತು. ಇವತ್ತು ಕೂತು ಬರೆಯುವಷ್ಟು ಶಕ್ತಿ ಬಂದಿದೆ. ಸ್ತನ ಕ್ಯಾನ್ಸರ್ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಲಕ್ಷಣ ಏನು, ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು ಅನ್ನೋದು ಬೇಕಾದಷ್ಟು ಸಿಗುತ್ತದೆ. ಆದರೆ ಆಪರೇಷನ್ ಆದ ಮೇಲೆ "ನಿಮಗೆ ಕೀಮೋ ಬೇಕೋ ಬೇಡವೋ ಅಂತ ಒಂದು ಜೀನ್ ಟೆಸ್ಟ್ ಮಾಡಿಸಿ ನೋಡೋಣ" ಅಂತ ಡಾಕ್ಟರ್ ಹೇಳಿದ ದಿನ ನನಗೆ ಓದೋಕೆ ಏನೂ ಸಿಗಲಿಲ್ಲ. ನನ್ನ ಹಾಗೆ ನಡುವೆ ಸಿಕ್ಕಿಕೊಂಡವರಿಗೆ ಸಹಾಯ ಆಗಲಿ ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ನನಗೆ 46 ವರ್ಷ. ಶಿವಮೊಗ್ಗದಲ್ಲಿ ಹೈಸ್ಕೂಲ್ ಗಣಿತ ಟೀಚರ್. ಹತ್ತನೇ ಕ್ಲಾಸಿಗೆ ಸಂಭವನೀಯತೆ ಪಾಠ ಮಾಡುತ್ತಾ ಹದಿನೇಳು ವರ್ಷ ಆಯಿತು. ನಾಣ್ಯ, ದಾಳ, ಚೀಲದಲ್ಲಿರುವ ಕೆಂಪು ಚೆಂಡು, ನೀಲಿ ಚೆಂಡು. ಈ ಸಲ ಚೀಲದೊಳಗೆ ನಾನೇ ಇದ್ದೆ.

ಜನವರಿ ನಡುವಿನಲ್ಲಿ ಸ್ನಾನ ಮಾಡುವಾಗ ಎಡಗಡೆ ಗಂಟು ಕೈಗೆ ಸಿಕ್ಕಿತು. ಊರಲ್ಲೇ ಮ್ಯಾಮೋಗ್ರಾಂ, ಸ್ಕ್ಯಾನ್, ಬಯಾಪ್ಸಿ ಆದವು. ಫೆಬ್ರವರಿ 10ಕ್ಕೆ ಬೆಂಗಳೂರಿನಲ್ಲಿ ಆಪರೇಷನ್. ಇಡೀ ಸ್ತನ ತೆಗೆಯಲಿಲ್ಲ, ಗಡ್ಡೆ ಮತ್ತು ಸುತ್ತಲಿನ ಸ್ವಲ್ಪ ಭಾಗ, ಜೊತೆಗೆ ಕಂಕುಳಿನ ಮೂರು ಗ್ರಂಥಿ. ಆ ಭಾಗ ನಾನು ಹೆದರಿದಷ್ಟು ಕಷ್ಟ ಇರಲಿಲ್ಲ. ನಿಜವಾದ ಪರೀಕ್ಷೆ ಶುರುವಾದದ್ದು ಮನೆಗೆ ಬಂದ ಮೇಲೆ.

ಒಂಬತ್ತು ದಿನಕ್ಕೆ ಪೆಥಾಲಜಿ ರಿಪೋರ್ಟ್ ಬಂತು. ಗಡ್ಡೆ 2.2 ಸೆಂಟಿಮೀಟರ್, ಗ್ರೇಡ್ 2, ಅಂದರೆ ಮೂರು ಹಂತದಲ್ಲಿ ನಡುವಿನದು. ಕಂಕುಳಿನ ಗ್ರಂಥಿಗಳು 0/3, ಅಂದರೆ ತೆಗೆದ ಮೂರರಲ್ಲಿ ಒಂದಕ್ಕೂ ಹರಡಿಲ್ಲ. ಈ 0/3 ನೆನಪಿಟ್ಟುಕೊಳ್ಳಿ, ಮುಂದೆ ಇದೇ ನನ್ನನ್ನು ನಾಲ್ಕು ರಾತ್ರಿ ನಿದ್ದೆಗೆಡಿಸಿತು. ಇಆರ್, ಪಿಆರ್ ಅನ್ನೋ ಹಾರ್ಮೋನ್ ರಿಸೆಪ್ಟರ್ ಎರಡೂ ಪಾಸಿಟಿವ್. ಅಂದರೆ ಈ ಗಡ್ಡೆ ಹಾರ್ಮೋನ್ ಕುಡಿದು ಬೆಳೆಯುವಂಥದ್ದು, ಹಾರ್ಮೋನ್ ತಡೆಯುವ ಮಾತ್ರೆ ಕೆಲಸ ಮಾಡುತ್ತದೆ. ಹರ್-2 (ಗಡ್ಡೆ ಬೇಗ ಬೆಳೆಯುವಂತೆ ಮಾಡುವ ಒಂದು ಪ್ರೋಟೀನ್) ಮಾತ್ರ 2+ ಅಂತ ಬರೆದಿದ್ದರು. ಪಾಸಿಟಿವ್ ಅಲ್ಲ, ನೆಗೆಟಿವ್ ಕೂಡ ಅಲ್ಲ. ಅದು ಯಾವ ಕಡೆ ಅಂತ ಗೊತ್ತಾಗೋಕೆ ಫಿಶ್ ಅನ್ನೋ ಇನ್ನೊಂದು ಪರೀಕ್ಷೆ, ಮತ್ತೆ ಹನ್ನೆರಡು ಸಾವಿರ, ಮತ್ತೆ ಒಂಬತ್ತು ದಿನ. ಕೊನೆಗೆ ನೆಗೆಟಿವ್ ಬಂತು. ನಿಮ್ಮ ರಿಪೋರ್ಟ್‌ನಲ್ಲೂ 2+ ಇದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ ಫಿಶ್‌ಗೆ ಕಳಿಸಿ ಅಂತ ಕೇಳಿ. ನಾನು ಸುಮ್ನೆ ಎರಡು ದಿನ ಕಳೆದೆ.

ಮಾರ್ಚ್ 2ಕ್ಕೆ ಬೆಳಗಿನ ಜನಶತಾಬ್ದಿ ಹಿಡಿದು ಮತ್ತೆ ಬೆಂಗಳೂರು. ಮೆಡಿಕಲ್ ಆಂಕಾಲಜಿಸ್ಟ್ ರಿಪೋರ್ಟ್ ಪೂರ್ತಿ ಓದಿ, "ನಿಮ್ಮದು ನಡುವಿನ ಕೇಸು" ಅಂದರು. ಗಡ್ಡೆ ತೀರಾ ಚಿಕ್ಕದಾಗಿದ್ದರೆ ಮಾತ್ರೆ ಸಾಕು ಅನ್ನಬಹುದಿತ್ತು. ಗ್ರಂಥಿಗೆಲ್ಲ ಹರಡಿದ್ದರೆ ಕೀಮೋ ಬೇಕೇ ಬೇಕು ಅನ್ನಬಹುದಿತ್ತು. ನಂದು ಎರಡೂ ಅಲ್ಲ. ಆಮೇಲೆ ಅವರು ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಕೇಂಬ್ರಿಡ್ಜ್‌ನವರು ಮಾಡಿದ ಪ್ರೆಡಿಕ್ಟ್ ಅನ್ನೋ ಲೆಕ್ಕದ ಸಾಧನ. ವಯಸ್ಸು, ಗಡ್ಡೆ ಅಳತೆ, ಗ್ರೇಡ್, ಗ್ರಂಥಿ ಎಲ್ಲ ಹಾಕಿದರೆ ನೂರು ಹೆಂಗಸರ ಚಿಕ್ಕ ಚಿತ್ರ ಬರುತ್ತದೆ. ಇಷ್ಟು ಜನ ಆಪರೇಷನ್‌ನಿಂದಲೇ ಉಳಿಯುತ್ತಾರೆ, ಇಷ್ಟು ಜನ ಮಾತ್ರೆಯಿಂದ, ಇಷ್ಟು ಜನ ಕೀಮೋದಿಂದ, ಅಂತ ಬೇರೆ ಬೇರೆ ಬಣ್ಣದಲ್ಲಿ. ನನ್ನ ಗಂಡ ಅದನ್ನು ನೋಡುತ್ತಾ, "ಇದರಲ್ಲಿ ಇವಳು ಯಾರು?" ಅಂತ ಕೇಳಿದರು. ಡಾಕ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಯಾರಿಗೂ ಹೇಳೋಕೆ ಆಗಲ್ಲ" ಅಂದರು. ಅವತ್ತು ಆ ಮಾತು ನನಗೆ ಕ್ರೂರ ಅನ್ನಿಸಿತು. ಈಗ ಅನ್ನಿಸುತ್ತದೆ, ಇಷ್ಟೂ ದಿನಗಳಲ್ಲಿ ನನಗೆ ಯಾರಾದರೂ ಹೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದೇ.

ಮನೆಗೆ ಬಂದು ಹುಡುಕಿದಾಗ ಆ ಸಾಧನದ ಮೊದಲ ಮಾದರಿಯನ್ನು ಇಂಗ್ಲೆಂಡಿನ ಪೂರ್ವ ಭಾಗದ 5,694 ಹೆಂಗಸರ ದಾಖಲೆಯಿಂದ ಕಟ್ಟಿದ್ದು ಅಂತ ತಿಳಿಯಿತು. 1999ರಿಂದ 2003ರ ನಡುವೆ ರೋಗ ಪತ್ತೆಯಾದವರು. ಶಿವಮೊಗ್ಗದ ನನ್ನನ್ನು ಅವರ ಸಾಲಿನಲ್ಲಿ ನಿಲ್ಲಿಸಿ ಲೆಕ್ಕ ಹಾಕಿದ್ದು. ಹಾಗಂತ ಅದು ತಪ್ಪು ಅಂತ ಅಲ್ಲ. ಆದರೆ ಯಾರ ಲೆಕ್ಕದಿಂದ ನನ್ನ ಲೆಕ್ಕ ಬಂತು ಅನ್ನೋದು ರೋಗಿಗೂ ಗೊತ್ತಿರಬೇಕು ಅಲ್ವಾ? ಡಾಕ್ಟರ್ ಹತ್ತಿರ ಈ ಪ್ರಶ್ನೆ ಕೇಳೋಕೆ ಸಂಕೋಚ ಬೇಡ.

ಇನ್ನಷ್ಟು ಖಚಿತ ಬೇಕಾದರೆ ಗಡ್ಡೆಯನ್ನೇ ಪರೀಕ್ಷೆ ಮಾಡಿಸಬೇಕು ಅಂದರು. ಎರಡು ದಾರಿ ಇತ್ತು. ಒಂದು ಬೆಂಗಳೂರಿನಲ್ಲೇ ಹುಟ್ಟಿದ ಕ್ಯಾನ್‌ಅಸಿಸ್ಟ್ ಬ್ರೆಸ್ಟ್. ಗಡ್ಡೆಯಲ್ಲಿರುವ ಐದು ಪ್ರೋಟೀನ್ ನೋಡಿ, ಅದಕ್ಕೆ ಗಡ್ಡೆ ಅಳತೆ, ಗ್ರೇಡ್, ಗ್ರಂಥಿ ಸೇರಿಸಿ, ಕಂಪ್ಯೂಟರ್ ಮಾದರಿಯೊಂದು 1ರಿಂದ 100ರೊಳಗೆ ಒಂದು ಸಂಖ್ಯೆ ಕೊಡುತ್ತದೆ. 15.5ರ ತನಕ ಕಡಿಮೆ ಅಪಾಯ, ಅದರ ಮೇಲೆ ಹೆಚ್ಚು. ನಮ್ಮ ದೇಶದ ರೋಗಿಗಳ ಗಡ್ಡೆಗಳನ್ನು ಇಟ್ಟುಕೊಂಡೇ ಬೆಳೆಸಿದ್ದು, ದುಡ್ಡೂ ತುಂಬಾ ಕಡಿಮೆ. ಇನ್ನೊಂದು ಅಮೆರಿಕದ ಆಂಕೋಟೈಪ್ ಡಿಎಕ್ಸ್. 21 ಜೀನ್, 0ರಿಂದ 100ರ ಸ್ಕೋರ್, ಗಡ್ಡೆಯ ಚೂರು ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕು. ನನಗೆ ಹೇಳಿದ ದರ ಎರಡೂ ಮುಕ್ಕಾಲು ಲಕ್ಷ.

ನನ್ನ ಜೊತೆ ವಾರ್ಡ್‌ನಲ್ಲಿದ್ದ ಅರವತ್ತು ದಾಟಿದ ಒಬ್ಬರು ಬೆಂಗಳೂರಿನದ್ದನ್ನೇ ಮಾಡಿಸಿ, ಕಡಿಮೆ ಅಪಾಯ ಅಂತ ಬಂದು, ನೆಮ್ಮದಿಯಾಗಿದ್ದಾರೆ. ನನಗೂ ಮನಸ್ಸು ಆ ಕಡೆಯೇ ಇತ್ತು. ಆದರೆ ಡಾಕ್ಟರ್ ಹೇಳಿದ್ದು ಹೀಗೆ. ನಿಮಗಿನ್ನೂ 50 ಆಗಿಲ್ಲ, ಮುಟ್ಟು ನಿಂತಿಲ್ಲ. ನಿಮ್ಮ ಪ್ರಶ್ನೆ ಅಪಾಯ ಎಷ್ಟು ಅನ್ನೋದಷ್ಟೇ ಅಲ್ಲ, ಕೀಮೋ ಕೊಟ್ಟರೆ ಆ ಅಪಾಯ ಎಷ್ಟು ಇಳಿಯುತ್ತದೆ ಅನ್ನೋದು. ಅದನ್ನು ನಿಮ್ಮ ವಯಸ್ಸಿನವರಲ್ಲಿ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿರುವುದು ಆ ಅಮೆರಿಕದ ಟೆಸ್ಟ್‌ಗೆ. ಎರಡು ದಿನ ಯೋಚನೆ ಮಾಡಿದೆವು. ಮಗಳ ಹೆಸರಲ್ಲಿ ಇಟ್ಟಿದ್ದ ಎಫ್‌ಡಿ ಮುರಿಸಿದೆವು. ಆ ಫಾರಂಗೆ ಸಹಿ ಮಾಡುವಾಗ ನನ್ನ ಕೈ ನಡುಗಿತು, ಆಪರೇಷನ್ ಫಾರಂಗೆ ನಡುಗಿರಲಿಲ್ಲ.

ಇನ್ನು ಬ್ಲಾಕ್ ಕಥೆ. ನೀವು ಈ ದಾರಿಯಲ್ಲಿ ಹೋಗುವವರಾದರೆ ಇದನ್ನು ಗಮನ ಇಟ್ಟು ಓದಿ.

ಆಪರೇಷನ್‌ನಲ್ಲಿ ತೆಗೆದ ಗಡ್ಡೆಯನ್ನು ಚೂರು ಮಾಡಿ ಮೇಣದಲ್ಲಿ ಹುದುಗಿಸಿ ಇಡುತ್ತಾರೆ. ಅದಕ್ಕೆ ಬ್ಲಾಕ್ ಅಂತಾರೆ. ಟೆಸ್ಟ್‌ಗೆ ಹೋಗುವುದು ಅದೇ. ನಾನು ಲ್ಯಾಬ್ ಕೌಂಟರ್‌ಗೆ ಹೋಗಿ ಕೇಳಿದರೆ ಗಾಜಿನ ಸ್ಲೈಡ್ ಕೊಟ್ಟರು. ಸ್ಲೈಡ್ ಸಾಲದು, ಬ್ಲಾಕ್ ಬೇಕು ಅಂದೆ. ಅದಕ್ಕೆ ಡಾಕ್ಟರ್ ಪತ್ರ, ರೋಗಿಯ ಆಧಾರ್ ಪ್ರತಿ, ವಾಪಸ್ ಕೊಡುತ್ತೇನೆ ಅಂತ ಬರೆದು ಕೊಟ್ಟ ಕಾಗದ, ಡೆಪಾಸಿಟ್, ಎಲ್ಲ ಬೇಕು ಅಂದರು. ಪತ್ರ ತಂದೆ. ಪತ್ರದಲ್ಲಿ ಬ್ಲಾಕ್ ನಂಬರ್ ಇಲ್ಲ ಅಂದರು. ನನ್ನದು ಹನ್ನೊಂದು ಬ್ಲಾಕ್ ಇತ್ತು, ಯಾವುದರಲ್ಲಿ ಗಡ್ಡೆ ಜಾಸ್ತಿ ಇದೆ ಅಂತ ಪೆಥಾಲಜಿಸ್ಟ್ ಮೈಕ್ರೋಸ್ಕೋಪ್‌ನಲ್ಲಿ ನೋಡಿ ಬರೆದು ಕೊಡಬೇಕು. ಅವರು ಮೂರು ದಿನ ರಜೆ. ಹೀಗೆ ಒಂದು ವಾರ ಹೋಯಿತು. ನೀವು ಮೊದಲೇ ಡಾಕ್ಟರ್ ಹತ್ತಿರ ಪತ್ರದಲ್ಲಿ "ಗಡ್ಡೆ ಅತಿ ಹೆಚ್ಚು ಇರುವ ಬ್ಲಾಕ್, ಪೆಥಾಲಜಿಸ್ಟ್ ಆಯ್ಕೆ ಮಾಡಿದ್ದು" ಅಂತ ಬರೆಸಿಕೊಳ್ಳಿ. ಬಯಾಪ್ಸಿ ಒಂದು ಕಡೆ, ಆಪರೇಷನ್ ಇನ್ನೊಂದು ಕಡೆ ಆಗಿದ್ದರೆ ಯಾವ ಕಡೆಯ ಬ್ಲಾಕ್ ಬೇಕು ಅಂತಲೂ ಕೇಳಿಕೊಳ್ಳಿ.

ಕೊನೆಗೆ ಮಾರ್ಚ್ 10ಕ್ಕೆ ಅದು ನನ್ನ ಕೈಗೆ ಬಂತು. ಹತ್ತಿಯಲ್ಲಿ ಸುತ್ತಿ ಒಂದು ಚಿಕ್ಕ ಜಿಪ್ ಕವರ್‌ನಲ್ಲಿ. ಹೆಬ್ಬೆರಳಿನ ಅಗಲದ ಪ್ಲಾಸ್ಟಿಕ್ ಚೌಕಟ್ಟು, ಅದರ ಮೇಲೆ ಬಿಳಿ ಮೇಣ. ಮೇಣದೊಳಗೆ ತಿಳಿ ಕಂದು ಬಣ್ಣದ ಒಂದು ಚೂರು, ಅಂಚು ಸೊಟ್ಟ ಸೊಟ್ಟ. ಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದ ನಂಬರ್, ಕೊನೆಯಲ್ಲಿ ಎ4. ಇದು ನನ್ನ ಮೈಯಲ್ಲಿ ಇದ್ದದ್ದು ಅಂತ ನೋಡುತ್ತಾ ನಿಂತೆ. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಜೋಪಾನ ಮಾಡಬೇಕು ಅನ್ನಿಸಿತು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಇದನ್ನು ಬಿಟ್ಟು ಹೋಗಬೇಡಿ, ಮೇಣ ಮೆತ್ತಗಾಗುತ್ತದೆ. ನಾನು ಆಸ್ಪತ್ರೆಯ ಕಲೆಕ್ಷನ್ ಕೌಂಟರ್ ತನಕ ಬ್ಯಾಗ್ ಎದೆಗೆ ಒತ್ತಿಕೊಂಡು ಆಟೋದಲ್ಲಿ ಹೋದೆ.

ರಿಸಲ್ಟ್‌ಗೆ ಎರಡರಿಂದ ಮೂರು ವಾರ ಅಂದರು. ಆಪರೇಷನ್ ಆಗಿ ಆಗಲೇ ನಾಲ್ಕು ವಾರ. ತಡವಾದರೆ ಏನು ಗತಿ ಅಂತ ಕೇಳಿದ್ದಕ್ಕೆ, ಕೀಮೋ ಬೇಕಾದರೆ ಆಪರೇಷನ್ ಆಗಿ ಮೂರು ತಿಂಗಳು ದಾಟದ ಹಾಗೆ ಶುರು ಮಾಡಬೇಕು, ಇನ್ನೂ ಸಮಯ ಇದೆ ಅಂದರು. ಈ ಒಂದು ಮಾತು ಮೊದಲೇ ಕೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು. ನಿಮ್ಮ ಕೊನೆಯ ದಿನಾಂಕ ಯಾವುದು ಅಂತ ಡಾಕ್ಟರ್ ಹತ್ತಿರ ಕೇಳಿ ಕ್ಯಾಲೆಂಡರ್ ಮೇಲೆ ಗುರುತು ಹಾಕಿ.

ಕಾಯುವ ದಿನಗಳಲ್ಲಿ ನಾನು ಮಾಡಿದ್ದು ಒಂದೇ. ಈ ಸ್ಕೋರ್ ಹೇಗೆ ಬರುತ್ತದೆ ಅಂತ ಓದಿದ್ದು. ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಓದುತ್ತಿರುವ ಮಗಳು ರಾತ್ರಿ ಫೋನ್‌ನಲ್ಲಿ ವಿವರಿಸುತ್ತಿದ್ದಳು. 2004ರಲ್ಲಿ ಪ್ರಕಟವಾದ ಸೂತ್ರ ಅದು. ನೋಡಿದರೆ ನಾನು ಬೋರ್ಡಿನ ಮೇಲೆ ಬರೆಯುವ ರೇಖಾತ್ಮಕ ಸಮೀಕರಣದ ಅಕ್ಕನ ಹಾಗಿದೆ! ಮೊದಲು 250 ಜೀನ್‌ಗಳನ್ನು 447 ರೋಗಿಗಳ ಗಡ್ಡೆಗಳಲ್ಲಿ ನೋಡಿ, ರೋಗ ಮರುಕಳಿಸುವುದರ ಜೊತೆ ಯಾವ ಜೀನ್‌ಗಳಿಗೆ ನಂಟು ಇದೆ ಅಂತ ಹುಡುಕಿದ್ದಾರೆ. ಉಳಿದದ್ದು 16. ಹೋಲಿಕೆಗೆ ಅಂತ ಇನ್ನು 5. ಪ್ರತಿ ಗುಂಪಿಗೂ ಒಂದು ತೂಕ. ಕೋಶಗಳು ಎಷ್ಟು ಬೇಗ ಒಡೆದು ಹೆಚ್ಚುತ್ತಿವೆ ಅಂತ ತೋರಿಸುವ ಐದು ಜೀನ್‌ಗಳ ಗುಂಪಿಗೆ 1.04, ಅದೇ ಎಲ್ಲದಕ್ಕಿಂತ ದೊಡ್ಡದು. ಹರ್-2 ಗುಂಪಿಗೆ 0.47. ಈಸ್ಟ್ರೋಜನ್ ಗುಂಪಿಗೆ ಮೈನಸ್ 0.34, ಅಂದರೆ ಅದು ಜಾಸ್ತಿ ಇದ್ದಷ್ಟೂ ಸ್ಕೋರ್ ಇಳಿಯುತ್ತದೆ. ಎಲ್ಲ ಕೂಡಿಸಿ, ಅದರಿಂದ 6.7 ಕಳೆದು, 20ರಿಂದ ಗುಣಿಸಿದರೆ ಸ್ಕೋರ್. ಸೊನ್ನೆಗಿಂತ ಕಡಿಮೆ ಬಂದರೆ ಸೊನ್ನೆ, ನೂರಕ್ಕಿಂತ ಜಾಸ್ತಿ ಬಂದರೆ ನೂರು.

ಒಂದು ರಾತ್ರಿ ಲೆಕ್ಕ ಹಾಕಿ ನೋಡಿದೆ. ಜೀನ್ ಅಳತೆ ಒಂದು ಹೆಜ್ಜೆ ಏರಿದರೆ ಅದರ ಪ್ರಮಾಣ ಎರಡರಷ್ಟು ಆಯಿತು ಅಂತ ಅರ್ಥ. ಆ ಐದು ಜೀನ್‌ಗಳ ಸರಾಸರಿ ಒಂದು ಹೆಜ್ಜೆ ಏರಿದರೆ ಸ್ಕೋರ್ 20.8 ಏರುತ್ತದೆ. ಈಸ್ಟ್ರೋಜನ್ ಗುಂಪು ಒಂದು ಹೆಜ್ಜೆ ಏರಿದರೆ ಇಳಿಯುವುದು 6.8 ಮಾತ್ರ. ಅಂದರೆ ಈ ಸೂತ್ರ ಮುಖ್ಯವಾಗಿ ಕೇಳುತ್ತಿರುವುದು ನಿನ್ನ ಗಡ್ಡೆ ಎಷ್ಟು ಅವಸರದಲ್ಲಿದೆ ಅಂತ. ಇದು ಅರ್ಥ ಆದ ಮೇಲೆ ಸ್ಕೋರ್ ಅನ್ನೋದು ಹಣೆಬರಹದ ಹಾಗೆ ಕಾಣೋದು ನಿಂತಿತು. ಅದು ಒಂದು ಅಳತೆ. ಸಕ್ಕರೆ ಅಳತೆ ಇದ್ದ ಹಾಗೆ.

ಮಾರ್ಚ್ 27, ಶಾಲೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಆಸ್ಪತ್ರೆಯಿಂದ ವಾಟ್ಸಾಪ್‌ನಲ್ಲಿ ಪಿಡಿಎಫ್ ಬಂತು. ಸ್ಟಾಫ್ ರೂಮ್‌ನಿಂದ ಹೊರಗೆ ಹೋಗಿ ನೀರಿನ ಟ್ಯಾಂಕ್ ಹತ್ತಿರ ನಿಂತು ತೆರೆದೆ. ಸ್ಕೋರ್ 19. ಅದರ ಕೆಳಗಿದ್ದ, ರೋಗ ಹರಡುವ ಅಪಾಯದ ಸಂಖ್ಯೆಗಳು ನಾನು ಓದಿಕೊಂಡದ್ದಕ್ಕಿಂತ ತುಂಬಾ ಜಾಸ್ತಿ ಇದ್ದವು. ಎದೆ ಧಸಕ್ ಅಂತು. ಗಂಡನಿಗೆ ಫೋನ್ ಮಾಡಿ ಅತ್ತೆ. ಮಗಳಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಅವಳು ಫೋನ್ ಮಾಡಿ, "ಅಮ್ಮಾ, ಮೇಲೆ ನೋಡು, ಇದರಲ್ಲಿ ಗ್ರಂಥಿಗೆ ಹರಡಿದೆ ಅಂತ ಇದೆ" ಅಂದಳು.

ಆದದ್ದು ಇಷ್ಟು. ಟೆಸ್ಟ್‌ಗೆ ಕಳಿಸುವ ಫಾರಂನಲ್ಲಿ ಎಷ್ಟು ಗ್ರಂಥಿಗೆ ಹರಡಿದೆ ಅಂತ ಒಂದು ಚೌಕ ಇರುತ್ತದೆ. ತುಂಬಿದವರು 0/3 ನೋಡಿ, ತೆಗೆದ ಮೂರನ್ನು ಹರಡಿದ ಮೂರು ಅಂತ ತಿಳಿದು, ಒಂದರಿಂದ ಮೂರು ಅನ್ನೋ ಚೌಕಕ್ಕೆ ಗುರುತು ಹಾಕಿದ್ದರು. ಗಡ್ಡೆಯ ಜೀನ್ ಅಳತೆ ಬದಲಾಗಿಲ್ಲ, ಸ್ಕೋರ್ 19 ಅದೇ. ಆದರೆ ಹರಡಿದವರ ಸಾಲಿನಲ್ಲಿ ನಿಲ್ಲಿಸಿದ ಕೂಡಲೇ ಅದೇ 19ಕ್ಕೆ ಬೇರೆ ಅರ್ಥ. ಜೀನ್ ಲೆಕ್ಕ ಎಷ್ಟೇ ಸೂಕ್ಷ್ಮ ಇರಲಿ, ಪೆನ್ನಿನ ಒಂದು ಗೀಟು ಅದನ್ನು ತಿರುಗಿಸಿಬಿಡುತ್ತದೆ. ಅವತ್ತೇ ಡಾಕ್ಟರ್ ಪೆಥಾಲಜಿ ರಿಪೋರ್ಟ್ ಜೊತೆ ಇಮೇಲ್ ಮಾಡಿದರು. ಸರಿಯಾದ ರಿಪೋರ್ಟ್ ಬರುವಷ್ಟರಲ್ಲಿ ನಾಲ್ಕು ರಾತ್ರಿ ಕಳೆದವು. ದಯವಿಟ್ಟು ಫಾರಂ ಕಳಿಸುವ ಮೊದಲು ಅದರ ಫೋಟೋ ಕೇಳಿ ತೆಗೆದುಕೊಳ್ಳಿ. ವಯಸ್ಸು, ಗ್ರಂಥಿ, ಗಡ್ಡೆ ಅಳತೆ, ಬ್ಲಾಕ್ ನಂಬರ್, ಈ ನಾಲ್ಕನ್ನು ನಿಮ್ಮ ರಿಪೋರ್ಟ್ ಪಕ್ಕ ಇಟ್ಟು ನೀವೇ ನೋಡಿ. ಡಾಕ್ಟರ್ ಏನಾದರೂ ಅಂದುಕೊಳ್ಳುತ್ತಾರೆ ಅಂತ ಬಿಡಬೇಡಿ.

ಸರಿಯಾದ ರಿಪೋರ್ಟ್ ಹಿಡಿದು ಏಪ್ರಿಲ್ 4ಕ್ಕೆ ಡಾಕ್ಟರ್ ಎದುರು ಕೂತೆವು. ಬರೀ ಹಾರ್ಮೋನ್ ಚಿಕಿತ್ಸೆ ತೆಗೆದುಕೊಂಡರೆ ಒಂಬತ್ತು ವರ್ಷದೊಳಗೆ ರೋಗ ಬೇರೆ ಅಂಗಕ್ಕೆ ಹರಡುವ ಅಪಾಯ 6 ಶೇಕಡಾ ಅಂತ ಇತ್ತು. ಅದರ ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಒಂದು ವ್ಯಾಪ್ತಿ, ಇಷ್ಟರಿಂದ ಇಷ್ಟರ ಒಳಗೆ ಅಂತ. ಅದನ್ನೂ ಓದಿಸಿಕೊಳ್ಳಿ, ಒಂಟಿ ಸಂಖ್ಯೆಗಿಂತ ಅದು ಹೆಚ್ಚು ನಿಜ.

ಅವರು ಟೇಲರ್‌ಎಕ್ಸ್ ಅನ್ನೋ ಅಧ್ಯಯನದ ಬಗ್ಗೆ ಹೇಳಿದರು. 2018ರಲ್ಲಿ ಫಲಿತಾಂಶ ಬಂದದ್ದು. ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರು, ಎಲ್ಲರಿಗೂ ಗ್ರಂಥಿಗೆ ಹರಡದ, ನನ್ನಂಥದ್ದೇ ರೋಗ. ಸ್ಕೋರ್ 11ರಿಂದ 25ರ ನಡುವೆ ಬಂದ 6,711 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಾರ್ಮೋನ್ ಚಿಕಿತ್ಸೆ ಮಾತ್ರ, ಇನ್ನೊಂದಕ್ಕೆ ಕೀಮೋ ಕೂಡ ಕೊಟ್ಟರು. ಒಂಬತ್ತು ವರ್ಷಕ್ಕೆ ರೋಗ ದೂರ ಹರಡದೆ ಇದ್ದವರು ಮೊದಲ ಗುಂಪಿನಲ್ಲಿ 94.5 ಶೇಕಡಾ, ಎರಡನೆಯದರಲ್ಲಿ 95.0. ಅಂದರೆ ಹೆಚ್ಚಿನವರಿಗೆ ಕೀಮೋದಿಂದ ಏನೂ ವ್ಯತ್ಯಾಸ ಇಲ್ಲ. ಆದರೆ 50 ವರ್ಷ ಮತ್ತು ಅದಕ್ಕಿಂತ ಕಡಿಮೆ ಇದ್ದವರಲ್ಲಿ ಸ್ಕೋರ್ 16 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸ್ವಲ್ಪ ಲಾಭ ಕಾಣಿಸಿತು. 16ರಿಂದ 20ಕ್ಕೆ ಸುಮಾರು 1.6 ಶೇಕಡಾ, 21ರಿಂದ 25ಕ್ಕೆ ಸುಮಾರು 6.5.

ನಾನು ಪೆನ್ನು ತೆಗೆದುಕೊಂಡು ರಿಪೋರ್ಟ್ ಹಿಂದೆ ಅಂದಾಜು ಲೆಕ್ಕ ಬರೆದೆ. ನನ್ನಂಥವರು 1,000 ಜನ. ಮಾತ್ರೆಯಿಂದಲೇ ಆರಾಮಾಗಿರುವವರು 940. ಕೀಮೋ ತೆಗೆದುಕೊಂಡರೂ ರೋಗ ಹರಡುವವರು 44. ಕೀಮೋದಿಂದ ಉಳಿಯುವವರು 16. ಆ 16 ಜನರಿಗಾಗಿ ಸಾವಿರ ಜನರೂ ಮೂರು ವಾರಕ್ಕೊಮ್ಮೆ ನಾಲ್ಕು ಸಲ ಡ್ರಿಪ್ ಹಾಕಿಸಿಕೊಳ್ಳಬೇಕು. ಡಾಕ್ಟರ್ ಆ ಕಾಗದ ನೋಡಿ ಹೌದು ಅಂದರು. ಆ 16ರಲ್ಲಿ ನಾನಿದ್ದರೆ? ಇಷ್ಟು ವರ್ಷ ಪಾಠ ಮಾಡಿದ ನನಗೆ ಆ ಪ್ರಶ್ನೆಗೆ ಗಣಿತದಲ್ಲಿ ಉತ್ತರ ಇಲ್ಲ ಅಂತ ಗೊತ್ತು. ಆದರೂ ಆ ಕುರ್ಚಿಯ ಮೇಲೆ ಕೂತಾಗ ಅದೊಂದೇ ಪ್ರಶ್ನೆ ಇರುತ್ತದೆ.

ದಾರಿ ತೋರಿಸಿದ್ದು ಇನ್ನೊಂದು ಮಾತು. ಮುಟ್ಟು ನಿಲ್ಲದ ಎಷ್ಟೋ ಜನರಲ್ಲಿ ಕೀಮೋದಿಂದ ಅಂಡಾಶಯ ಕೆಲಸ ನಿಲ್ಲಿಸುತ್ತದೆ, ಹಾರ್ಮೋನ್ ಇಳಿಯುತ್ತದೆ. ಆ ಚಿಕ್ಕ ಲಾಭದಲ್ಲಿ ಒಂದು ಪಾಲು ಇದರಿಂದಲೇ ಬಂದಿರಬಹುದು ಅಂತ ತಜ್ಞರ ಅಭಿಪ್ರಾಯ. ಹಾಗಾದರೆ ಅಂಡಾಶಯವನ್ನು ಇಂಜೆಕ್ಷನ್‌ನಿಂದಲೇ ನಿಲ್ಲಿಸಬಹುದಲ್ಲ? 28 ದಿನಕ್ಕೊಮ್ಮೆ ಹೊಟ್ಟೆಗೆ ಗೋಸೆರೆಲಿನ್ ಇಂಜೆಕ್ಷನ್, ಜೊತೆಗೆ ದಿನಾ ಮಾತ್ರೆ. ಇದು ಡಾಕ್ಟರ್ ನನಗೆ ಕೊಟ್ಟ ಸಲಹೆ. ನಿಮ್ಮ ಸ್ಕೋರ್ 19 ಇದ್ದರೂ ಉತ್ತರ ಬೇರೆ ಇರಬಹುದು, ನನ್ನದನ್ನು ನೋಡಿ ನಿರ್ಧಾರ ಮಾಡಬೇಡಿ. ನಾವು ಅರ್ಧ ಗಂಟೆ ಹೊರಗೆ ಬೆಂಚಿನ ಮೇಲೆ ಕೂತು, ಕಾಫಿ ಕುಡಿದು, ಒಳಗೆ ಹೋಗಿ ಕೀಮೋ ಬೇಡ ಅಂದೆವು.

ನೂರಕ್ಕೆ ನೂರು ನೆಮ್ಮದಿ ಇದೆಯಾ ಅಂದರೆ ಇಲ್ಲ. ಟೇಲರ್‌ಎಕ್ಸ್ ನಡೆದದ್ದು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ಪೆರು ದೇಶಗಳಲ್ಲಿ. ನಮ್ಮ ದೇಶದ ಒಂದು ಆಸ್ಪತ್ರೆಯೂ ಅದರಲ್ಲಿ ಇರಲಿಲ್ಲ. ನಮ್ಮವರ ಗಡ್ಡೆ, ನಮ್ಮವರ ದಾಖಲೆ ಇಟ್ಟುಕೊಂಡು ಇಷ್ಟೇ ದೊಡ್ಡ ಅಧ್ಯಯನ ಇಲ್ಲೂ ಆಗಬೇಕು. ನನ್ನನ್ನು ಯಾರಾದರೂ ಸೇರಿಸಿಕೊಳ್ಳುತ್ತೇವೆ ಅಂದರೆ ನಾಳೆಯೇ ಸಹಿ ಹಾಕುತ್ತೇನೆ.

ದುಡ್ಡಿನ ವಿಷಯ. ಆಪರೇಷನ್ ಖರ್ಚು ಇನ್ಶೂರೆನ್ಸ್‌ನಲ್ಲಿ ಹೋಯಿತು. ಟೆಸ್ಟ್‌ನ ಎರಡೂ ಮುಕ್ಕಾಲು ಲಕ್ಷಕ್ಕೆ, ಇದು ಚಿಕಿತ್ಸೆ ಅಲ್ಲ ಅಂತ ಕಾರಣ ಕೊಟ್ಟು ಕ್ಲೇಮ್ ತಿರಸ್ಕರಿಸಿದರು. ಕೀಮೋ ತೆಗೆದುಕೊಂಡಿದ್ದರೆ ಅದಕ್ಕೆ ಕೊಡುತ್ತಿದ್ದರು. ಬೇಡ ಅಂತ ತಿಳಿಯೋಕೆ ಖರ್ಚು ಮಾಡಿದ್ದಕ್ಕೆ ಕೊಡಲ್ಲ. ಚಿಕಿತ್ಸೆ ನಿರ್ಧಾರಕ್ಕೆ ಈ ಪರೀಕ್ಷೆ ಅಗತ್ಯ ಇತ್ತು ಅಂತ ಡಾಕ್ಟರ್ ಬರೆದುಕೊಟ್ಟ ಪತ್ರ ಇಟ್ಟು ಮತ್ತೆ ಅರ್ಜಿ ಹಾಕಿದ್ದೇನೆ. ಆ ಪತ್ರವನ್ನು ನೀವು ದುಡ್ಡು ಕಟ್ಟುವ ಮೊದಲೇ ಮಾಡಿಸಿಕೊಂಡು, ಕಂಪನಿಗೆ ಇಮೇಲ್ ಮಾಡಿ, ಉತ್ತರ ಬರಹದಲ್ಲಿ ಪಡೆಯಿರಿ. ಪೆಥಾಲಜಿ ರಿಪೋರ್ಟ್, ಫಿಶ್ ರಿಪೋರ್ಟ್, ಡಿಸ್ಚಾರ್ಜ್ ಕಾಗದ ಮೂರರದ್ದೂ ಐದೈದು ಜೆರಾಕ್ಸ್ ಇಟ್ಟುಕೊಳ್ಳಿ.

ರೇಡಿಯೇಷನ್ ಕೊನೆಯ ದಿನ ಅಮೆರಿಕದಿಂದ ಬ್ಲಾಕ್ ವಾಪಸ್ ಬಂದಿದೆ ಅಂತ ಹೇಳಿದರು. ಅದೇ ಜಿಪ್ ಕವರ್, ಹತ್ತಿ ಮಾತ್ರ ಹೊಸದು. ಮೇಣದ ಮೇಲ್ಮೈ ತೆಳುವಾಗಿ ಹೆರೆದು ನುಣ್ಣಗಾಗಿತ್ತು, ಕಂದು ಚೂರು ಮೊದಲಿಗಿಂತ ಚಿಕ್ಕದಾಗಿತ್ತು. ಲ್ಯಾಬ್ ಕೌಂಟರ್‌ಗೆ ತೆಗೆದುಕೊಂಡು ಹೋಗಿ ಕೊಟ್ಟೆ. ಅಲ್ಲಿದ್ದ ಹುಡುಗಿ ನಂಬರ್ ಹೋಲಿಸಿ ನೋಡಿ, ರಿಜಿಸ್ಟರ್‌ನಲ್ಲಿ ಎ4 ಎದುರು ನನ್ನ ಸಹಿ ತೆಗೆದುಕೊಂಡು, ಡೆಪಾಸಿಟ್ ದುಡ್ಡು ಎಣಿಸಿ ಕೊಟ್ಟಳು.